ತೀರ್ಮಾನದಿಂದ ಬಟ್ಟೆಗೆ: ತ್ರಿವರ್ಣ ಧ್ವಜದ ಅಳತೆಯ ಕಥನ

2022ರ ಆಗಸ್ಟಿನಲ್ಲಿ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ಆ ವಾರದಲ್ಲಿ, ನಾವು ವಾಸಿಸುವ ಮುಂಬಯಿ ಉಪನಗರದ ವಸತಿ ಸಂಕೀರ್ಣದಲ್ಲಿ ಮನೆಗೊಂದರಂತೆ ಬಾವುಟ ಹಂಚಲಾಯಿತು. ಪಾಲಿಯೆಸ್ಟರ್ ಬಟ್ಟೆ, ಹೊಳಪಿತ್ತು, ಹಗುರವಾಗಿತ್ತು. ಬಾಲ್ಕನಿಯ ಸರಳಿಗೆ ಕಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಏನೋ ಒಂದು ಕಣ್ಣಿಗೆ ಒಗ್ಗಲಿಲ್ಲ. ಇಳಿಸಿ, ಹೊಲಿಗೆ ಯಂತ್ರದ ಖಾನೆಯಲ್ಲಿದ್ದ ಟೇಪು ತೆಗೆದು ಅಳೆದೆವು. ಉದ್ದ 30 ಇಂಚು, ಅಗಲ 20 ಇಂಚು. ಅದು ಸರಿಯೇ ಇತ್ತು. ಆದರೆ ಕೇಸರಿ ಪಟ್ಟಿ ಏಳು ಇಂಚು, ಬಿಳಿಯದು ಆರೂಕಾಲು, ಹಸಿರು ಆರೂಮುಕ್ಕಾಲು. ನಡುವಿನ ಚಕ್ರ ಎತ್ತರದಲ್ಲಿ ಐದೂವರೆ ಇಂಚು, ಅಡ್ಡದಲ್ಲಿ ಐದೇ ಇಂಚು. ಅದು ಚಕ್ರವಾಗಿರಲಿಲ್ಲ, ಮೊಟ್ಟೆಯಾಗಿತ್ತು. ಅರಗಳನ್ನು ಎಣಿಸಲು ಹೋದರೆ ಗುಂಬದ ಬಳಿ ಶಾಯಿ ಹರಡಿ ಎಲ್ಲವೂ ಒಂದಾಗಿದ್ದವು.

ಆ ಬಾವುಟವನ್ನು ನಾವು ಮಡಚಿ ಇಟ್ಟೆವು. ತಪ್ಪು ಯಾರದೆಂದು ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ಅಂದು ಟೇಪು ಹಿಡಿದ ಕೈಗೆ ಒಂದು ಪ್ರಶ್ನೆ ಅಂಟಿಕೊಂಡಿತು: ಇದು ಹೀಗಿರಬೇಕು ಎಂದು ಅಳತೆಗೋಲು ಹಿಡಿದು ಮೊದಲು ಹೇಳಿದವರು ಯಾರು? ಧ್ವಜದ ಬಣ್ಣಗಳ ಅರ್ಥ, ಅದಕ್ಕಾಗಿ ಲಾಠಿಯೇಟು ತಿಂದವರ ಕತೆ, ಕೆಂಪುಕೋಟೆಯ ಮೇಲೆ ಅದು ಏರಿದ ಬೆಳಗು, ಇವೆಲ್ಲ ನಮಗೆ ಪಠ್ಯಪುಸ್ತಕಗಳಿಂದಲೇ ಗೊತ್ತು. ಒಂದು ತೀರ್ಮಾನದ ಮಾತುಗಳು ನಕ್ಷೆಯಾಗಿ, ನಕ್ಷೆಯು ನೂಲಾಗಿ, ನೂಲು ಹೊಲಿದ ಬಟ್ಟೆಯಾಗಿ ಕಂಬಕ್ಕೇರಿದ ಬಗೆಯನ್ನು ಮಾತ್ರ ನಾವು ಅಷ್ಟಾಗಿ ಓದಿದವರಲ್ಲ. ಈ ಬರಹ ಅದನ್ನು ಹಿಂಬಾಲಿಸುವ ಪ್ರಯತ್ನ.

ಬಟ್ಟೆಯ ಕಸುಬಿನಲ್ಲಿ ಗಿರಾಕಿ ಮಾತಿನಲ್ಲಿ ಕೇಳುತ್ತಾನೆ, ಕಸುಬುದಾರ ಅಂಕಿಯಲ್ಲಿ ಉತ್ತರಿಸುತ್ತಾನೆ. ‘ಸ್ವಲ್ಪ ಸಡಿಲವಿರಲಿ’, ‘ತೋಳು ಗಿಡ್ಡವಾಗದಿರಲಿ’, ‘ಅಂಚು ಎದ್ದು ಕಾಣಲಿ’ ಎಂದು ನಾವು ಹೇಳಿದ್ದನ್ನು ದರ್ಜಿ ತನ್ನ ಚೀಟಿಯಲ್ಲಿ ಅರ್ಧ, ಮುಕ್ಕಾಲು ಇಂಚುಗಳಾಗಿ ಬರೆದುಕೊಳ್ಳುತ್ತಾನೆ. ಆ ಚೀಟಿ ಬರೆಯುವ ಗಳಿಗೆಯಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ; ಅಥವಾ ಕೆಟ್ಟಿರುತ್ತದೆ. ರಾಷ್ಟ್ರಧ್ವಜದ ಮಟ್ಟಿಗೆ ಗಿರಾಕಿ ಒಬ್ಬ ವ್ಯಕ್ತಿಯಲ್ಲ, ಒಂದು ದೇಶ. ಆ ಗಿರಾಕಿಯ ಬೇಡಿಕೆ ಸ್ಪಷ್ಟವಾಗಲು 26 ವರ್ಷ ಹಿಡಿಯಿತು. ಅದು ಅಳತೆಯ ನಕ್ಷೆಯಾಗಲು ಮತ್ತೆ ನಾಲ್ಕು ವರ್ಷ.

ಮೊದಲ ಬೇಡಿಕೆ ಬಂದದ್ದು 1921ರಲ್ಲಿ. ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕಾಂಗ್ರೆಸ್ ಸಮಿತಿಯ ಸಭೆ ಸೇರಿತ್ತು. ಧ್ವಜಗಳ ವಿಷಯದಲ್ಲಿ ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದ ಪಿಂಗಳಿ ವೆಂಕಯ್ಯನವರಿಗೆ ಗಾಂಧೀಜಿ ಒಂದು ನಮೂನೆ ಕೇಳಿದರು: ಕೆಂಪು ಮತ್ತು ಹಸಿರು ನೆಲದ ಮೇಲೆ ಚರಕ. ಚರಕದ ಸೂಚನೆ ಜಲಂಧರದ ಲಾಲಾ ಹಂಸರಾಜರದು. ವೆಂಕಯ್ಯ ಮೂರೇ ಗಂಟೆಗಳಲ್ಲಿ ನಮೂನೆ ತಂದುಕೊಟ್ಟರು. ಆದರೂ ಅದು ಸಭೆಯ ವೇಳೆಗೆ ತುಸು ತಡವಾಯಿತು. ತಡವಾದದ್ದೇ ಒಳ್ಳೆಯದಾಯಿತು ಎಂದು ಗಾಂಧೀಜಿ ಆ ಏಪ್ರಿಲಿನ ‘ಯಂಗ್ ಇಂಡಿಯಾ’ದಲ್ಲಿ ಬರೆದರು, ಆ ಬಿಡುವಿನಲ್ಲಿ ಅವರಿಗೆ ಉಳಿದೆಲ್ಲ ಮತಗಳ ಪರವಾಗಿ ಬಿಳಿಯ ಪಟ್ಟಿಯೂ ಬೇಕೆಂದು ಹೊಳೆದಿತ್ತು. ಗಿರಾಕಿಯ ಮನಸ್ಸು ಮಾದರಿ ನೋಡಿದ ಮೇಲೆಯೇ ತಿಳಿಯಾಗುವುದು ಎಂಬುದು ನೇಕಾರರಿಗೂ ದರ್ಜಿಗಳಿಗೂ ಹೊಸ ಮಾತಲ್ಲ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೂರನ್ನೂ ಆವರಿಸಿದ ಚರಕ: ಹೀಗೆ ಆ ಬಾವುಟ ರೂಪುಗೊಂಡಿತು. ಅದರ ಜೊತೆಗೆ ಗಾಂಧೀಜಿ ಒಂದು ಷರತ್ತನ್ನೂ ಇಟ್ಟರು. ಬಾವುಟದ ಬಟ್ಟೆ ಖಾದಿಯೇ ಆಗಿರಬೇಕು. ಪರದೇಶದ ಗಿರಣಿಯ ಬಟ್ಟೆಯ ಮೇಲೆ ಚರಕ ಬರೆದರೆ ಆ ಚರಕಕ್ಕೆ ಅರ್ಥವೇನು?

ಆ ಬಾವುಟ ಊರೂರಿಗೆ ಹೋಯಿತು. ಪ್ರತಿ ಊರಿನಲ್ಲೂ ಅಲ್ಲಿಯವರ ಕೈಗೆ ಸಿಕ್ಕ ಅಳತೆಯಲ್ಲಿ, ಸಿಕ್ಕ ಬಣ್ಣದಲ್ಲಿ ಅದು ಸಿದ್ಧವಾಯಿತು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಅದನ್ನು ಹಿಡಿದು ನಡೆದುದಕ್ಕಾಗಿಯೇ ಜನ ಸೆರೆಮನೆ ಸೇರಿದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅವರಲ್ಲೊಬ್ಬರು. ಅದೇ ವರ್ಷದ ಕೊನೆಯಲ್ಲಿ ಅವರ ನಾಯಕತ್ವದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು, ಹುಬ್ಬಳ್ಳಿ ಅದರ ಕೇಂದ್ರವಾಯಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಸಾಲಾಗಿ ನಿಂತು ಧ್ವಜವಂದನೆ ಮಾಡುವ ಶಿಸ್ತನ್ನು ದೇಶಕ್ಕೆ ಕಲಿಸಿದ್ದು ಈ ದಳ. ಬಾವುಟದೊಂದಿಗೆ ಹುಬ್ಬಳ್ಳಿಗೆ ನಂಟು ಬೆಳೆದದ್ದು ಹೀಗೆ. ಆ ನಂಟು ಇಲ್ಲಿಗೆ ಮುಗಿಯುವುದಿಲ್ಲ.

1931ರಲ್ಲಿ ಬೇಡಿಕೆ ಬದಲಾಯಿತು. ಬಣ್ಣಗಳನ್ನು ಮತಗಳೊಂದಿಗೆ ಜೋಡಿಸುವುದರ ಬಗ್ಗೆ ಆಕ್ಷೇಪಗಳು ಬಂದಿದ್ದವು. ಕರಾಚಿಯಲ್ಲಿ ನೇಮಕವಾದ ಏಳು ಜನರ ಸಮಿತಿ ಇಡೀ ಬಾವುಟ ಕೇಸರಿಯಾಗಿರಲಿ, ಮೂಲೆಯಲ್ಲಿ ಕಂದು ಬಣ್ಣದ ಚರಕವಿರಲಿ ಎಂದು ಸೂಚಿಸಿತು. ಆಗಸ್ಟಿನಲ್ಲಿ ನಮ್ಮ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಆ ಸೂಚನೆಯನ್ನು ಒಪ್ಪಲಿಲ್ಲ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು, ಬಿಳಿಯ ಪಟ್ಟಿಯ ನಡುವೆ ಕಡುನೀಲಿ ಚರಕ ಎಂದು ತೀರ್ಮಾನಿಸಿತು. ಬಣ್ಣಗಳು ಗುಣಗಳನ್ನು ಸೂಚಿಸುತ್ತವೆಯೇ ಹೊರತು ಮತಗಳನ್ನಲ್ಲ ಎಂದೂ ಸೇರಿಸಿತು. ಇಂದಿನ ಬಾವುಟದ ಮುಖ ಮೊದಲ ಬಾರಿಗೆ ಕಂಡದ್ದು ಹೀಗೆ ಈ ಊರಿನಲ್ಲಿ.

ಇನ್ನು 1947. ಬಾಬು ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯ ಧ್ವಜಸಮಿತಿಯ ಕೆಲಸ ಮುಗಿದು, ಜುಲೈ 22ರಂದು ಜವಾಹರಲಾಲ್ ನೆಹರೂ ಸಂವಿಧಾನ ಸಭೆಯ ಮುಂದೆ ನಿರ್ಣಯವನ್ನು ಮಂಡಿಸಿದರು. ಆ ನಿರ್ಣಯವನ್ನು ಒಬ್ಬ ಕಸುಬುದಾರನ ಕಣ್ಣಿನಿಂದ ಓದುವುದು ಒಳ್ಳೆಯದು. ಅದು ಹೇಳುವುದಿಷ್ಟು: ಗಾಢ ಕೇಸರಿ, ಬಿಳಿ, ಕಡುಹಸಿರು, ಅಡ್ಡಲಾಗಿ, ಸಮ ಪ್ರಮಾಣದಲ್ಲಿ, ಬಿಳಿಯ ನಡುವೆ ಚರಕವನ್ನು ಪ್ರತಿನಿಧಿಸುವ ಕಡುನೀಲಿ ಚಕ್ರ, ಆ ಚಕ್ರದ ವಿನ್ಯಾಸ ಸಾರನಾಥದ ಅಶೋಕ ಸ್ತಂಭಶೀರ್ಷದ ಪೀಠದಲ್ಲಿರುವ ಚಕ್ರದಂತೆ, ಅದರ ವ್ಯಾಸ ಬಿಳಿ ಪಟ್ಟಿಯ ಅಗಲಕ್ಕೆ ಹೆಚ್ಚುಕಡಿಮೆ ಸಮ, ಬಾವುಟದ ಅಗಲ ಮತ್ತು ಉದ್ದದ ಪ್ರಮಾಣ ಸಾಮಾನ್ಯವಾಗಿ 2:3.

ಈ ನಿರ್ಣಯ ಎಷ್ಟನ್ನು ಖಚಿತಗೊಳಿಸಿತೋ ಅಷ್ಟನ್ನೇ ಮುಂದಕ್ಕೆ ಬಿಟ್ಟುಕೊಟ್ಟಿತು. ‘ಗಾಢ’ ಎಂದರೆ ಎಷ್ಟು ಗಾಢ? ‘ಹೆಚ್ಚುಕಡಿಮೆ’ ಎಂದರೆ ಎಷ್ಟು ಕಡಿಮೆ? ‘ಸಾಮಾನ್ಯವಾಗಿ’ ಎಂದರೆ ಯಾವಾಗ ಅಲ್ಲ? ಅರಗಳು ಎಷ್ಟೆಂದು ನಿರ್ಣಯದಲ್ಲಿ ಇಲ್ಲವೇ ಇಲ್ಲ. ಸಾರನಾಥದ ಕಲ್ಲಿಗೆ ಹೋಗಿ ಎಣಿಸಬೇಕು, ಎಣಿಸಿದರೆ 24. ಇದು ದೋಷವಲ್ಲ. ಸಭೆಯಲ್ಲಿ ಕುಳಿತವರು ಮಾಡಬೇಕಾದ ಕೆಲಸ ಇಷ್ಟೇ. ಉಳಿದದ್ದು ಅಳತೆಗೋಲು ಹಿಡಿದವರ ಪಾಲಿಗೆ ಸೇರಿದ್ದು.

ಆದರೆ ಒಂದು ವಿಷಯದಲ್ಲಿ ಸಭೆಯೇ ಕಸುಬುದಾರನಂತೆ ಯೋಚಿಸಿತು. ಚರಕದ ಬದಲು ಬರಿಯ ಚಕ್ರವೇಕೆ ಎಂಬುದಕ್ಕೆ ನೆಹರೂ ಕೊಟ್ಟ ಕಾರಣಗಳಲ್ಲಿ ಒಂದು ಶುದ್ಧ ಬಟ್ಟೆಯ ಕಾರಣ. ಬಾವುಟಕ್ಕೆ ಎರಡು ಮುಖ. ಒಂದು ಕಡೆ ಕಾಣುವ ಗುರುತು ಇನ್ನೊಂದು ಕಡೆಯಲ್ಲೂ ಹಾಗೆಯೇ ಕಾಣಬೇಕು. ಚರಕಕ್ಕೆ ಒಂದು ತುದಿಯಲ್ಲಿ ದೊಡ್ಡ ಗಾಲಿ, ಇನ್ನೊಂದು ತುದಿಯಲ್ಲಿ ಕದಿರು. ಮುಂದಿನಿಂದ ನೋಡಿದಾಗ ಗಾಲಿ ಎಡಕ್ಕಿದ್ದರೆ ಹಿಂದಿನಿಂದ ಬಲಕ್ಕೆ ಬೀಳುತ್ತದೆ. ಚಕ್ರಕ್ಕೆ ಈ ತೊಡಕಿಲ್ಲ. ಗಾಂಧೀಜಿಗೆ ಈ ಬದಲಾವಣೆಯಿಂದ ನೋವಾಯಿತು. ಆಗ ಅವರಾಡಿದ, ಬರೆದ ಮಾತುಗಳಲ್ಲಿ ಆ ಅಸಮಾಧಾನ ಕಾಣುತ್ತದೆ. ಚಕ್ರವು ಚರಕವನ್ನೇ ಪ್ರತಿನಿಧಿಸುತ್ತದೆ ಎಂಬ ಮಾತು ನಿರ್ಣಯದಲ್ಲೇ ಸೇರಿತ್ತು. ಖಾದಿಯ ಷರತ್ತು ಮಾತ್ರ ಮುಂದೆಯೂ ಉಳಿಯಿತು. ಅಂದು ನೆಹರೂ ಸಭೆಗೆ ತೋರಿಸಿದ್ದು ಎರಡು ಬಾವುಟಗಳನ್ನು: ಒಂದು ರೇಷ್ಮೆಯದು, ಇನ್ನೊಂದು ಹತ್ತಿಯ ಖಾದಿಯದು. ಆಗಸ್ಟ್ 14ರ ನಡುರಾತ್ರಿ ಭಾರತದ ಮಹಿಳೆಯರ ಪರವಾಗಿ ಹಂಸಾ ಮೆಹತಾ ಸಭೆಗೆ ಬಾವುಟ ಅರ್ಪಿಸಿದರು. ಮರುದಿನ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಮೇಲೆ ಏರಿದ್ದ ರೇಷ್ಮೆಯ ಬಾವುಟವೊಂದು ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 12 ಅಡಿ ಉದ್ದ, 8 ಅಡಿ ಅಗಲ. ಚೆನ್ನೈಯಲ್ಲಿರುವ ನಮ್ಮ ಓದುಗರು ಅದನ್ನು ಕಣ್ಣಾರೆ ನೋಡಬಹುದು. ಅದನ್ನು ಹೊಲಿದವರ ಮುಂದೆ ನಿರ್ಣಯದ ಮಾತುಗಳಿದ್ದವು. ಮಾನಕದ ನಕ್ಷೆ ಇನ್ನೂ ಹುಟ್ಟಿರಲಿಲ್ಲ.

ಆ ನಕ್ಷೆ ಬಂದದ್ದು 1951ರಲ್ಲಿ. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಏಳು ತಿಂಗಳು ಮೊದಲೇ, ಭಾರತೀಯ ಮಾನಕ ಸಂಸ್ಥೆ ಹುಟ್ಟಿತ್ತು. ಇಂದಿನ ಭಾರತೀಯ ಮಾನಕ ಬ್ಯೂರೋದ ಪೂರ್ವಜ ಅದು. ಸಿಮೆಂಟು, ಉಕ್ಕು, ಬಟ್ಟೆ, ಬಲ್ಬು ಹೀಗೆ ದೇಶದ ಸಾವಿರಾರು ಸರಕುಗಳಿಗೆ ಮುಂದೆ ಅಳತೆ ಗೊತ್ತುಪಡಿಸಿದ ಈ ಸಂಸ್ಥೆಯ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆ, ಐಎಸ್ 1, ರಾಷ್ಟ್ರಧ್ವಜದ್ದು. ಮೆಟ್ರಿಕ್ ಪದ್ಧತಿ ಬಂದಾಗ, 1964ರಲ್ಲಿ, ಅದನ್ನು ಪರಿಷ್ಕರಿಸಿದರು. 1968ರ ಆಗಸ್ಟ್ 17ರಂದು ಮತ್ತೆ ತಿದ್ದಿದರು.

ಈ ಮಾನಕ ಬಾವುಟಕ್ಕೆ ಒಂಬತ್ತು ಗಾತ್ರಗಳನ್ನು ಕೊಡುತ್ತದೆ. ಅತಿ ದೊಡ್ಡದು 6300 ಮಿ.ಮೀ. ಉದ್ದ, 4200 ಮಿ.ಮೀ. ಅಗಲ. ನಂತರ 3600 × 2400, 2700 × 1800, 1800 × 1200, 1350 × 900, 900 × 600. ಆಮೇಲೆ ಚಿಕ್ಕವು: ಅತಿಗಣ್ಯರ ವಿಮಾನಕ್ಕೆ 450 × 300, ಮೋಟಾರು ಕಾರಿಗೆ 225 × 150, ಮೇಜಿನ ಮೇಲಿಡಲು 150 × 100. ಧ್ವಜದ ವ್ಯಾಪಾರದಲ್ಲಿ ಇವುಗಳನ್ನು ಇಂದಿಗೂ ಅಡಿ, ಇಂಚಿನಲ್ಲಿ ಹೇಳುವುದುಂಟು: 21ಕ್ಕೆ 14 ಅಡಿ, 12ಕ್ಕೆ 8, 9ಕ್ಕೆ 6, 6ಕ್ಕೆ 4, ಹೀಗೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. 21 ಅಡಿ ಎಂದರೆ ನಿಜವಾಗಿ 6400 ಮಿ.ಮೀ.; ಪಟ್ಟಿಯಲ್ಲಿರುವುದು 6300. ಅಡಿಯೊಂದನ್ನು 304.8ರ ಬದಲು ದುಂಡಗೆ 300 ಎಂದು ಹಿಡಿದಂತಿದೆ. ದೊಡ್ಡ ಬಾವುಟ ನಾಲ್ಕು ಇಂಚು ಗಿಡ್ಡವಾಯಿತು, ಆದರೆ 2:3ರ ಪ್ರಮಾಣ ಕೂದಲೆಳೆಯಷ್ಟೂ ಕದಲಲಿಲ್ಲ. ಎಲ್ಲಿ ಬಿಟ್ಟುಕೊಡಬಹುದು, ಎಲ್ಲಿ ಬಿಟ್ಟುಕೊಡಬಾರದು ಎಂಬುದು ನಕ್ಷೆ ಬರೆಯುವವನಿಗೆ ತಿಳಿದಿರಬೇಕಾದ ಮೊದಲ ಪಾಠ.

ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಚಕ್ರದ ಅಳತೆ. ನಿರ್ಣಯ ಹೇಳಿದ್ದು ಬಿಳಿ ಪಟ್ಟಿಗೆ ‘ಹೆಚ್ಚುಕಡಿಮೆ ಸಮ’ ಎಂದು. ಮಾನಕ ಒಂಬತ್ತು ಗಾತ್ರಗಳಿಗೂ ಒಂದೊಂದು ವ್ಯಾಸವನ್ನು ಕೊಟ್ಟಿದೆ: 1295, 740, 555, 370, 280, 185, 90, 40, 25 ಮಿ.ಮೀ. ಬಿಳಿ ಪಟ್ಟಿ ಬಾವುಟದ ಅಗಲದ ಮೂರನೆಯ ಒಂದು ಭಾಗ. ಭಾಗಿಸಿ ನೋಡಿದೆವು. ಅತಿ ದೊಡ್ಡ ಬಾವುಟದಲ್ಲಿ ಪಟ್ಟಿ 1400, ಚಕ್ರ 1295. ಪಟ್ಟಿಯ ನೂರಕ್ಕೆ ತೊಂಬತ್ತೆರಡೂವರೆ ಭಾಗ. 1800 × 1200ರ ಬಾವುಟದಲ್ಲಿ ಪಟ್ಟಿ 400, ಚಕ್ರ 370. ಮತ್ತೆ ಅದೇ ತೊಂಬತ್ತೆರಡೂವರೆ. 900 × 600ರಲ್ಲಿ 200ಕ್ಕೆ 185, ಅದೇ. ಆದರೆ ವಿಮಾನದ ಬಾವುಟಕ್ಕೆ ಬಂದರೆ 100ಕ್ಕೆ 90, ಅಂದರೆ ತೊಂಬತ್ತು. ಕಾರಿನ ಬಾವುಟದಲ್ಲಿ 50ಕ್ಕೆ 40, ಎಂಬತ್ತು. ಮೇಜಿನ ಬಾವುಟದಲ್ಲಿ ಮೂವತ್ಮೂರು ಚಿಲ್ಲರೆಗೆ 25, ಎಪ್ಪತ್ತೈದು. ಬಾವುಟ ಕುಗ್ಗಿದಂತೆ ಚಕ್ರ ಅದಕ್ಕಿಂತ ಹೆಚ್ಚು ಕುಗ್ಗುತ್ತದೆ. ಏಕೆ?

ಉತ್ತರ ಪಟ್ಟಿಯ ಅಂಚಿನಲ್ಲಿದೆ ಎಂದು ನಮ್ಮ ಎಣಿಕೆ. ಚಕ್ರಕ್ಕೂ ಹೊಲಿಗೆಗೂ ನಡುವೆ ಮೇಲೊಂದು, ಕೆಳಗೊಂದು ಬಿಳಿಯ ಅಂತರ ಉಳಿಯುತ್ತದೆ. ದೊಡ್ಡ ಬಾವುಟದಲ್ಲಿ ಅದು ತಲಾ 52.5 ಮಿ.ಮೀ., 1800ರದ್ದರಲ್ಲಿ 15, 900ರದ್ದರಲ್ಲಿ 7.5, 450ರದ್ದರಲ್ಲಿ 5. ಅಲ್ಲಿಂದ ಮುಂದೆ ಅದು ಹೆಚ್ಚು ಇಳಿಯುವುದಿಲ್ಲ: ಕಾರಿನ ಬಾವುಟದಲ್ಲೂ 5, ಮೇಜಿನದರಲ್ಲಿ ನಾಲ್ಕಕ್ಕೆ ತುಸು ಹೆಚ್ಚು. ಮೂರು ಪಟ್ಟಿಗಳನ್ನು ಜೋಡಿಸುವ ಹೊಲಿಗೆಯ ಮಡಿಕೆ ಬಾವುಟ ಚಿಕ್ಕದೆಂದು ತಾನೂ ಚಿಕ್ಕದಾಗುವುದಿಲ್ಲ. ಹೊಲಿಯುವ ಬೆರಳು, ಸೂಜಿ, ದಾರ ಎಲ್ಲ ಬಾವುಟಗಳಿಗೂ ಅವೇ. ಅಚ್ಚು ಹಾಕುವಾಗ ಕೈ ಒಂದೆರಡು ಮಿಲಿಮೀಟರು ಸರಿದರೆ ದೊಡ್ಡ ಬಾವುಟದಲ್ಲಿ ಯಾರಿಗೂ ಕಾಣದು; ಮೇಜಿನ ಬಾವುಟದಲ್ಲಿ ಚಕ್ರ ಹೋಗಿ ಕೇಸರಿಗೆ ತಾಗುತ್ತದೆ. ಅರಗಳ ಲೆಕ್ಕವೂ ಹೀಗೆಯೇ. 24 ಅರಗಳೆಂದರೆ 15 ಡಿಗ್ರಿಗೊಂದು. 1295ರ ಚಕ್ರದ ಅಂಚಿನಲ್ಲಿ ಅರದಿಂದ ಅರಕ್ಕೆ ಸುಮಾರು 170 ಮಿ.ಮೀ. ದೂರ; 25ರ ಚಕ್ರದಲ್ಲಿ ಮೂರೂಕಾಲು ಮಿ.ಮೀ. ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಒಂಬತ್ತು ಬಾವುಟ ಮಾಡಲು ಬರುವುದಿಲ್ಲ. ಒಂಬತ್ತಕ್ಕೂ ಬೇರೆ ಬೇರೆಯಾಗಿ ಯೋಚಿಸಬೇಕು. ಸಂವಿಧಾನ ಸಭೆಯ ‘ಹೆಚ್ಚುಕಡಿಮೆ’ ಎಂಬ ಒಂದು ಮಾತನ್ನು ಯಾರೋ ಒಬ್ಬರು, ಅಥವಾ ಹತ್ತಾರು ಜನ, ಹೊಲಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು ಅಂಕಿಗಳನ್ನಾಗಿ ಒಡೆದಿದ್ದಾರೆ. ನಿರ್ಣಯದ ಜೊತೆ ಅವರ ಹೆಸರನ್ನು ಯಾರೂ ಹೇಳುವುದಿಲ್ಲ.

ಬಣ್ಣಕ್ಕೂ ಇದೇ ಬಗೆಯ ಚಾಕರಿ ನಡೆಯಿತು. ‘ಗಾಢ ಕೇಸರಿ’ ಎಂಬುದು ಒಬ್ಬರ ಕಣ್ಣಿಗೆ ಕಿತ್ತಳೆ, ಇನ್ನೊಬ್ಬರಿಗೆ ಕಾವಿ. ಒಂದೇ ಬಣ್ಣಗಾರ ಒಂದೇ ದಿನ ಎರಡು ಹಂಡೆಗಳಲ್ಲಿ ಅದ್ದಿದರೂ ಎರಡು ಛಾಯೆ ಬರಬಹುದು. ಹಾಗಾಗಿ ಮಾನಕವು ಬಣ್ಣಗಳನ್ನು ಬೆಳಕಿನ ಅಳತೆಯ ಅಂತರರಾಷ್ಟ್ರೀಯ ಪದ್ಧತಿಯ ಅಂಕಿಗಳಲ್ಲಿ ಹೇಳಿತು: ಕೇಸರಿಗೆ 0.538 ಮತ್ತು 0.360, ಹಸಿರಿಗೆ 0.288 ಮತ್ತು 0.395, ಹೀಗೆ. ಬಿಸಿಲಿಗೂ ತೊಳೆತಕ್ಕೂ ಬಣ್ಣ ನಿಲ್ಲಬೇಕೆಂಬ ಪರೀಕ್ಷೆಗಳನ್ನೂ ಸೇರಿಸಿತು. ತ್ಯಾಗ, ಶಾಂತಿ, ಸಮೃದ್ಧಿ ಎಂದು ಶಾಲೆಯಲ್ಲಿ ನಾವು ಕಲಿತ ಬಣ್ಣಗಳು ಪ್ರಯೋಗಾಲಯದ ಮೇಜಿನ ಮೇಲೆ ದಶಮಾಂಶಗಳಾಗಿ ಕುಳಿತವು. ಇದನ್ನು ನೋಡಿ ಕೆಲವರಿಗೆ ಬೇಸರವಾಗಬಹುದು. ನಮಗೆ ಗೌರವ ಹೆಚ್ಚಾಯಿತು. ಕಾಶ್ಮೀರದ ಕಚೇರಿಯ ಮೇಲೂ ಕನ್ಯಾಕುಮಾರಿಯ ಶಾಲೆಯ ಮೇಲೂ ಒಂದೇ ಕೇಸರಿ ಹಾರಬೇಕೆಂಬ ಆಸೆ ಕೈಗೂಡಲು ಬೇರೆ ದಾರಿಯಿಲ್ಲ.

ಅಂಕಿಯನ್ನು ಬರೆಯುವುದಷ್ಟೇ ಸಾಲದು, ಅದರ ಪಕ್ಕದ ಮಾನವನ್ನೂ ಕಾಯಬೇಕು. ಬಾವುಟದ ಬಟ್ಟೆಯ ತೂಕ ಚದರ ಅಡಿಗೆ 205 ಗ್ರಾಂ ಎಂಬ ಮಾತು ಹಲವು ಕಡೆ ಅಚ್ಚಾಗಿ, ಅಲ್ಲಿಂದ ಇಲ್ಲಿಗೆ ನಕಲಾಗುತ್ತ ಬಂದಿದೆ. ಲೆಕ್ಕ ಹಾಕಿ ನೋಡಿ. ಚದರ ಅಡಿಗೆ 205 ಗ್ರಾಂ ಎಂದರೆ ಚದರ ಮೀಟರಿಗೆ 2 ಕಿಲೋಗೂ ಮೇಲೆ. ಅತಿ ದೊಡ್ಡ ಬಾವುಟದ ವಿಸ್ತೀರ್ಣ 26 ಚದರ ಮೀಟರಿಗೂ ಹೆಚ್ಚು. ಅದು 58 ಕಿಲೋ ತೂಗಬೇಕಾಗುತ್ತದೆ. ಅಂಥ ಬಾವುಟ ಹಾರುವುದಿಲ್ಲ, ಜಮಖಾನದಂತೆ ಜೋತುಬೀಳುತ್ತದೆ. ಅದೇ ಅಂಕಿಯನ್ನು ಚದರ ಮೀಟರಿಗೆ ಎಂದು ಓದಿದರೆ ಐದೂವರೆ ಕಿಲೋ. ಗಾಳಿಗೆ ಏಳುವ ಬಟ್ಟೆ. ಒಂದು ಪದ ತಪ್ಪಿದರೆ ನಕ್ಷೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದು ಸಾಕು.

ಈಗ ನಕ್ಷೆಯನ್ನು ಬಿಟ್ಟು ಮಗ್ಗದ ಕಡೆಗೆ ಬರೋಣ. ಖಾದಿಯ ಷರತ್ತು ಮಾನಕದಲ್ಲೂ ನಿಂತಿತು: ಬಾವುಟದ ಮೈಗೆ ಬಂಟಿಂಗ್ ಎಂಬ ಹಗುರ ಖಾದಿ, ಹಗ್ಗ ಹೋಗುವ ಅಂಚಿನ ಕೊಳವೆಗೆ ಡಕ್ ಎಂಬ ದಪ್ಪ ಖಾದಿ. ಈ ಬಟ್ಟೆ ನೇಯುವ ಕೆಲಸದಲ್ಲಿ ಉತ್ತರ ಕರ್ನಾಟಕಕ್ಕೆ ಮೊದಲಿನಿಂದಲೂ ಪಾಲು. ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿ ಸೀಮೆಯಲ್ಲಿ ಬಿತ್ತಿದ ಖಾದಿಯ ಬೀಜ ಧಾರವಾಡ, ಬಾಗಲಕೋಟೆಗಳಲ್ಲೂ ಬೇರೂರಿತ್ತು. ಧಾರವಾಡದ ಹತ್ತಿರದ ಗರಗದಲ್ಲಿ 1950ರ ದಶಕದಿಂದಲೇ ಧ್ವಜದ ಬಟ್ಟೆ ನೇಯುತ್ತಿದ್ದಾರೆ. 1957ರ ನವೆಂಬರ್ 1ರಂದು, ಕರ್ನಾಟಕ ಒಂದಾಗಿ ಸರಿಯಾಗಿ ಒಂದು ವರ್ಷಕ್ಕೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. 2000ರ ದಶಕದ ನಡುಭಾಗದಿಂದ ಮಾನಕ ಬ್ಯೂರೋದ ಪರವಾನಗಿಯೊಂದಿಗೆ ಅಲ್ಲಿ ಸಿದ್ಧ ಧ್ವಜಗಳೇ ತಯಾರಾಗತೊಡಗಿದವು. ಮುಂಬಯಿಯಿಂದಲೋ ಪುಣೆಯಿಂದಲೋ ರೈಲು ಹಿಡಿದು ಧಾರವಾಡ, ಹುಬ್ಬಳ್ಳಿಗೆ ಊರಿಗೆಂದು ಹೋಗಿಬರುವ ನಮ್ಮಲ್ಲಿ ಎಷ್ಟು ಜನ ಈ ಬೆಂಗೇರಿಯ ಹೆಸರನ್ನು ಕೇಳಿಯೂ ಒಳಹೊಕ್ಕು ನೋಡಿಲ್ಲವೋ!

ಕೆಲಸ ಆರು ಹಂತಗಳದು. ಕೈಯಿಂದ ನೂಲುವುದು, ಕೈಮಗ್ಗದಲ್ಲಿ ನೇಯುವುದು, ಬಿಳುಪುಮಾಡಿ ಬಣ್ಣ ಕಟ್ಟುವುದು, ಬಿಳಿ ಬಟ್ಟೆಯ ಮೇಲೆ ಚಕ್ರದ ಅಚ್ಚು ಹಾಕುವುದು, ಮೂರು ಪಟ್ಟಿಗಳನ್ನು ಹೊಲಿಯುವುದು, ಕೊನೆಗೆ ಹಗ್ಗವನ್ನೂ ಅದರ ತುದಿಯ ಮರದ ತುಂಡನ್ನೂ ಕೂಡಿಸುವುದು. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬರುತ್ತದೆ. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಈ ಹಂತಗಳ ಕ್ರಮವೂ ಒಂದು ತಿಳಿವಳಿಕೆಯೇ. ಹತ್ತಿ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಕತ್ತರಿಸಿದ ಮೇಲೆ ಬಣ್ಣಕ್ಕೆ ಅದ್ದಿದರೆ ಕೇಸರಿ ಒಂದಷ್ಟು, ಹಸಿರು ಇನ್ನೊಂದಷ್ಟು ಕುಗ್ಗಿ ‘ಸಮ ಪ್ರಮಾಣ’ ಕೈತಪ್ಪುತ್ತದೆ. ಬಿಳಿ ಪಟ್ಟಿಗೆ ಎರಡೂ ಕಡೆ ಜೋಡಣೆ, ಕೇಸರಿ ಮತ್ತು ಹಸಿರಿಗೆ ಒಂದು ಕಡೆ ಜೋಡಣೆ, ಇನ್ನೊಂದು ಕಡೆ ಮಡಿಕೆ. ಮೂರಕ್ಕೂ ಬಿಡಬೇಕಾದ ಹೆಚ್ಚುವರಿ ಬಟ್ಟೆಯ ಲೆಕ್ಕ ಒಂದೇ ಅಲ್ಲ. ಅತಿ ದೊಡ್ಡ ಬಾವುಟದ ಒಂದೊಂದು ಪಟ್ಟಿಯೂ 1400 ಮಿ.ಮೀ., ಅಂದರೆ 55 ಇಂಚು. ಬಟ್ಟೆಯ ಪನ್ನ ಅಷ್ಟಿಲ್ಲದಿದ್ದರೆ ಎಲ್ಲಿ ಜೋಡಿಸಬೇಕೆಂದು ಕತ್ತರಿ ಇಡುವ ಮೊದಲೇ ಗೊತ್ತಿರಬೇಕು. ಚಕ್ರವಂತೂ ಎರಡೂ ಮುಖಗಳಲ್ಲಿ ಪೂರ್ತಿ ಕಾಣಬೇಕು. ಒಂದು ಮುಖಕ್ಕೆ ಅಚ್ಚು ಹಾಕಿ ಬಟ್ಟೆ ತಿರುವಿ ಇನ್ನೊಂದು ಮುಖಕ್ಕೆ ಹಾಕಿದಾಗ 24 ಅರಗಳ ಬೆನ್ನಿಗೆ 24 ಅರಗಳು ಕೂಡಬೇಕು. ಕೂಡದಿದ್ದರೆ ಬಿಸಿಲಿಗೆ ಹಿಡಿದಾಗ 48 ಕಾಣುತ್ತವೆ. ಚರಕವನ್ನು ಬಿಟ್ಟು ಚಕ್ರವನ್ನು ಆರಿಸಿದಾಗ ಸಭೆ ಬಗೆಹರಿಸಿದೆನೆಂದುಕೊಂಡ ಎರಡು ಮುಖಗಳ ಸಮಸ್ಯೆ ಕೊನೆಗೆ ಬಂದು ನಿಲ್ಲುವುದು ಅಚ್ಚು ಹಾಕುವ ಈ ಕೈಗಳ ಮುಂದೆ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಯಿತು. ಕೈನೂಲಿನ ಕೈನೇಯ್ಗೆಯ ಜೊತೆಗೆ ಯಂತ್ರದ ಬಟ್ಟೆಗೂ, ಪಾಲಿಯೆಸ್ಟರಿಗೂ ಅನುಮತಿ ದೊರೆಯಿತು. ಹುಬ್ಬಳ್ಳಿಯ ಸಂಘದವರು ಇದನ್ನು ವಿರೋಧಿಸಿದರು. ತಮ್ಮ ನೂಲುಗಾರ್ತಿಯರ ಅನ್ನದ ಪ್ರಶ್ನೆಯೆಂದರು. ಇನ್ನೊಂದು ಕಡೆಯ ಮಾತಿನಲ್ಲೂ ಸತ್ಯವಿಲ್ಲದಿಲ್ಲ. ಕೋಟಿ ಕೋಟಿ ಮನೆಗಳಿಗೆ ಒಂದೇ ವಾರದಲ್ಲಿ ಖಾದಿಯ ಬಾವುಟ ಒದಗಿಸುವುದು ಯಾವ ಚರಕಕ್ಕೂ ಆಗದ ಕೆಲಸ; ಕೂಲಿಯವನ ಗುಡಿಸಿಲಿಗೂ ಬಾವುಟ ಬೇಕೆಂದರೆ ಅದು ಅಗ್ಗವಾಗಿರಲೇಬೇಕು. 2002ರ ಸಂಹಿತೆಗೆ ಮೊದಲು ಸಾಮಾನ್ಯ ಪ್ರಜೆ ವರ್ಷದ ಎಲ್ಲ ದಿನ ಬಾವುಟ ಹಾರಿಸುವಂತೆಯೇ ಇರಲಿಲ್ಲ ಎಂಬುದನ್ನು ನೆನೆದರೆ, ಬಾವುಟ ಮನೆಮನೆಗೆ ಬಂದದ್ದನ್ನು ನಾವು ಹಳಿಯಲಾರೆವು.

ಆದರೆ ಸಡಿಲಗೊಂಡದ್ದು ಬಟ್ಟೆಯ ನಿಯಮ, ಅಳತೆಯ ನಿಯಮವಲ್ಲ. ಗಾತ್ರ ಯಾವುದಿದ್ದರೂ ಉದ್ದಗಲಗಳ ಪ್ರಮಾಣ 3:2 ಇರಲೇಬೇಕು, ಪಟ್ಟಿಗಳು ಸಮವಿರಬೇಕು, ಚಕ್ರ ಚಕ್ರವಾಗಿರಬೇಕು. ಇದಾವುದಕ್ಕೂ ಪಾಲಿಯೆಸ್ಟರ್ ಅಡ್ಡಿಯಲ್ಲ. ಯಂತ್ರವಂತೂ ಮನುಷ್ಯನ ಕೈಗಿಂತ ನಿಖರವಾಗಿ ಅಳೆಯಬಲ್ಲದು. ಹಾಗಿದ್ದೂ ನಮ್ಮ ಬಾಲ್ಕನಿಗೆ ಬಂದ ಬಾವುಟ ಹಾಗೇಕಿತ್ತು? ಬೆಂಗೇರಿಯಲ್ಲಿ ಸಿದ್ಧವಾಗುವ ಬಾವುಟದ ಹಿಂದೆ, ಅಳತೆ ತಪ್ಪಿದರೆ ತೆಗೆದು ಪಕ್ಕಕ್ಕಿಡುವ ಒಂದು ಕಣ್ಣಿದೆ. ನಮ್ಮದರ ಹಿಂದೆ ಅಂಥ ಕಣ್ಣಿರಲಿಲ್ಲ. ಖಾದಿ ಹೋದಾಗ ಖಾದಿಯೊಂದಿಗೆ ಆ ಕಣ್ಣನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ. ನಾವು ಎರಡನ್ನೂ ಒಟ್ಟಿಗೆ ಬಿಟ್ಟೆವು. ಗಿರಾಕಿಯಾಗಿ ನಮ್ಮ ತಪ್ಪೂ ಇದೆ. ಅಂಗಿಯ ತೋಳು ಅರ್ಧ ಇಂಚು ಗಿಡ್ಡವಾದರೆ ದರ್ಜಿಯ ಅಂಗಡಿಗೆ ಮರಳಿ ಹೋಗುವ ನಾವು, ಬಾವುಟವನ್ನು ಅಳೆದು ನೋಡುವವರಲ್ಲ. ಅಳೆಯುವುದು ಅಗೌರವವೆಂಬ ಭಾವನೆಯೂ ಇರಬಹುದು. 1951ರಲ್ಲಿ ಮಾನಕ ಸಂಸ್ಥೆಯ ಮೊದಲ ಸಂಖ್ಯೆಯನ್ನು ಬಾವುಟಕ್ಕೆ ಕೊಟ್ಟವರಿಗೆ ಹಾಗೆ ಅನ್ನಿಸಿರಲಿಲ್ಲ.

ಮುಂದಿನ ಬಾವುಟವನ್ನು ನಾವು ಊರಿಂದ ತಂದೆವು. ಖಾದಿ ಭಂಡಾರದಲ್ಲಿ ಕೊಂಡದ್ದು, 900 × 600ರದು. ಹೊಳಪಿಲ್ಲ, ನೂಲಿನಲ್ಲಿ ಅಲ್ಲಲ್ಲಿ ಸಣ್ಣ ಗಂಟು. ಮನೆಗೆ ಬಂದವರೇ ಮತ್ತೆ ಅದೇ ಟೇಪು ತೆಗೆದೆವು. ಮೂರು ಪಟ್ಟಿಗಳೂ ಇಪ್ಪತ್ತು ಇಪ್ಪತ್ತು ಸೆಂಟಿಮೀಟರು. ಚಕ್ರ ಎತ್ತರದಲ್ಲೂ ಅಡ್ಡದಲ್ಲೂ ಹದಿನೆಂಟೂವರೆ. ಮಕ್ಕಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅರಗಳನ್ನು ಎಣಿಸಿದರು. ಒಮ್ಮೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು. ಇಪ್ಪತ್ತನಾಲ್ಕು.